ಹೂ ಬಿಡದ ದಾಸವಾಳಕ್ಕೆ ಮೊದಲು ಕತ್ತರಿ ಹಿಡಿಯಿರಿ

ದಾಸವಾಳದ ಗಿಡ ಎದೆಯೆತ್ತರ ಬೆಳೆದಿರುತ್ತದೆ, ಎಲೆಗಳು ಹಸಿರಾಗಿ ಹೊಳೆಯುತ್ತಿರುತ್ತವೆ, ಹೂವು ಮಾತ್ರ ಎಲ್ಲೋ ತುದಿಯಲ್ಲಿ ಒಂದೋ ಎರಡೋ. ಗೊಬ್ಬರ ಸಾಲದೇನೋ ಎಂದು ಇನ್ನೊಂದು ಹಿಡಿ ಹಾಕುತ್ತೇವೆ. ಎಲೆ ಮತ್ತಷ್ಟು ಅಗಲವಾಗುತ್ತದೆಯೇ ಹೊರತು ಮೊಗ್ಗು ಹೆಚ್ಚುವುದಿಲ್ಲ. ನಾನೂ ಹೀಗೆ ಎರಡು ವರ್ಷ ಕಾದೆ. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಗಿಡವನ್ನು ಸವರಿದ ಮೇಲೆಯೇ ಅದು ಮೈತುಂಬ ಹೂ ಬಿಟ್ಟಿತು.

ಕಾರಣ ಸರಳ. ದಾಸವಾಳದ ಮೊಗ್ಗು ಮೂಡುವುದು ಹೊಸದಾಗಿ ಬೆಳೆದ ಚಿಗುರಿನಲ್ಲಿ, ಎಲೆಯ ಕಂಕುಳಿನಲ್ಲಿ. ಬಲಿತು ಬೂದುಬಣ್ಣಕ್ಕೆ ತಿರುಗಿದ ಕೊಂಬೆಯ ಕೆಳಭಾಗ ಬರಿದಾಗಿಯೇ ಉಳಿಯುತ್ತದೆ. ಕೊಂಬೆಯ ತುದಿಯಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಗೆಣ್ಣುಗಳನ್ನು ಚಿಗುರದಂತೆ ತಡೆಹಿಡಿದಿರುತ್ತದೆ. ತುದಿ ಕತ್ತರಿಸಿದರೆ ಆ ತಡೆ ತಪ್ಪುತ್ತದೆ. ಒಂದು ಕೊಂಬೆ ಇದ್ದಲ್ಲಿ ಎರಡು ಮೂರು ಕವಲು ಒಡೆಯುತ್ತವೆ. ಕವಲು ಹೆಚ್ಚಿದಷ್ಟೂ ಹೂವಿಗೆ ಜಾಗ ಹೆಚ್ಚು.

ಸವರಲು ಒಳ್ಳೆಯ ಕಾಲವೆಂದರೆ ಚಳಿ ಕಳೆದು ಗಿಡ ಚಿಗುರಲು ಹೊರಡುವ ಹೊತ್ತು. ಚಳಿ ಬರುವ ಮುನ್ನ ಸವರಿದರೆ ಎಳೆಚಿಗುರು ತಣ್ಣನೆಯ ಗಾಳಿಗೆ ಸಿಕ್ಕಿ ಸುಡುತ್ತದೆ. ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದರೆ ಈ ಗಿಡಕ್ಕೆ ಒಗ್ಗುವುದಿಲ್ಲ. ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಮೊದಲು ಒಣಗಿದ, ಒಂದಕ್ಕೊಂದು ಉಜ್ಜುವ, ಗಿಡದ ಒಳಮುಖವಾಗಿ ನುಗ್ಗಿದ ಕಡ್ಡಿಗಳನ್ನು ತೆಗೆಯಿರಿ. ಆಮೇಲೆ ಉಳಿದ ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ಮೊಟಕುಗೊಳಿಸಿ. ಕತ್ತರಿಸುವ ಜಾಗ ಹೊರಮುಖವಾಗಿರುವ ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲಿರಲಿ. ಹೊಸ ಕವಲು ಗೆಣ್ಣು ನೋಡುತ್ತಿರುವ ದಿಕ್ಕಿಗೇ ಹೊರಡುತ್ತದೆ, ಆದ್ದರಿಂದ ಗಿಡದ ನಡುವೆ ಗಾಳಿ ಬೆಳಕು ಆಡುತ್ತವೆ.

ಒಮ್ಮೆಗೇ ಇಡೀ ಗಿಡವನ್ನು ಬೋಳಿಸಲು ಕೈ ಬಾರದಿದ್ದರೆ ಅರ್ಧ ಕೊಂಬೆಗಳನ್ನು ಈಗ, ಉಳಿದರ್ಧವನ್ನು ಒಂದು ತಿಂಗಳ ಬಳಿಕ ಸವರಿ. ನನಗೆ ಇದೇ ಇಷ್ಟ, ಏಕೆಂದರೆ ಹೂವು ಪೂರ್ತಿ ನಿಲ್ಲುವುದಿಲ್ಲ. ಸವರಿದ ಕೊಂಬೆ ಮತ್ತೆ ಹೂ ಬಿಡಲು ಎರಡು ಮೂರು ತಿಂಗಳು ಹಿಡಿಯಬಹುದು. ಅಷ್ಟು ದಿನ ಕಾಯಲೇಬೇಕು.

ಚಿಗುರು ಹೊರಟ ಮೇಲೆ ಗೊಬ್ಬರದ ಮಾತು. ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ರಸಗೊಬ್ಬರ ಕೊಡುವುದಿದ್ದರೆ ಪೊಟ್ಯಾಷ್ ಹೆಚ್ಚಿರುವ, ರಂಜಕ ಕಡಿಮೆಯಿರುವ ಮಿಶ್ರಣವನ್ನು ಆರಿಸಿ. ರಂಜಕ ಅತಿಯಾದರೆ ಗಿಡ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲಾರದು. ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುಭಾಗ ಹಳದಿಯಾಗುತ್ತದೆ. ಮಣ್ಣು ಕ್ಷಾರವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ದಾಸವಾಳಕ್ಕೆ ತುಸು ಹುಳಿ ಮಣ್ಣು ಹಿತ, ರಸಸಾರ (pH) 6ರಿಂದ 6.8ರ ಒಳಗಿದ್ದರೆ ಒಳ್ಳೆಯದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಲಿ. ಮೇಲ್ಮಣ್ಣು ಒಣಗಿದಾಗ ನೀರು ತಳದವರೆಗೆ ಇಳಿಯುವಂತೆ ಹಾಕಿ, ಆದರೆ ಬುಡದಲ್ಲಿ ನೀರು ನಿಲ್ಲದಿರಲಿ.

ಮೊಗ್ಗು ಬಂದೂ ಅರಳದೆ ಉದುರುವುದು ಬೇಸರ ತರಿಸುವ ಸಂಗತಿ. ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ಕೆಸರಾಗುತ್ತಿದ್ದರೂ, ಕುಂಡವನ್ನು ಹಠಾತ್ತನೆ ಬೇರೆಡೆಗೆ ಸರಿಸಿದರೂ ಹೀಗಾಗುತ್ತದೆ. ಬಿದ್ದ ಮೊಗ್ಗನ್ನು ಬಿಡಿಸಿ ನೋಡಿ. ಒಳಗೆ ಸಣ್ಣ ಹುಳುಗಳಿದ್ದರೆ ಉದುರಿದ ಮೊಗ್ಗುಗಳನ್ನೆಲ್ಲ ಪ್ರತಿದಿನ ಆರಿಸಿ ನಾಶಪಡಿಸಿ. ಆ ಹುಳುಗಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ಮೇಲೇಳುತ್ತವೆ. ಎಲೆಯಡಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ. ರಭಸದ ನೀರಿನಿಂದ ತೊಳೆದು, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಇರುವೆಗಳ ಸಾಲಿದ್ದರೆ ಅದನ್ನೂ ತಡೆಯಬೇಕು, ತಿಗಣೆಯನ್ನು ಕಾಪಾಡುವುದು ಅವೇ. ಬೆಂಡೆ, ಹತ್ತಿ ಇದೇ ಕುಟುಂಬದವು. ಅವುಗಳ ಕೀಟಗಳು ಇದಕ್ಕೂ ಬರುವುದರಿಂದ ಅಕ್ಕಪಕ್ಕ ನೆಡದಿರುವುದು ಲೇಸು.

ಸವರಿದ ಕಡ್ಡಿಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ಅರೆಬಲಿತ ಕಡ್ಡಿಗಳನ್ನು 10–15 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಎಲೆಗಳನ್ನು ಮಾತ್ರ ಉಳಿಸಿ, ದೊಡ್ಡದಿದ್ದರೆ ಅವನ್ನೂ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿ ಹೆಚ್ಚು ನೀರು ಹೀರಲಾರದು, ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಮರಳು, ತೆಂಗಿನ ನಾರಿನ ಪುಡಿ ಸಮ ಬೆರೆಸಿ ಎರಡು ಗೆಣ್ಣು ಹೂಳುವಂತೆ ನೆಟ್ಟು, ನೆರಳಲ್ಲಿಟ್ಟು ತೇವ ಕಾಯ್ದುಕೊಳ್ಳಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ಬೇರು ಬಿಡುತ್ತದೆ. ದೊಡ್ಡ ಹೂವಿನ ಕೆಲವು ಹೈಬ್ರಿಡ್ ತಳಿಗಳು ಕಡ್ಡಿಯಿಂದ ಸುಲಭವಾಗಿ ಬರುವುದಿಲ್ಲ, ಅವಕ್ಕೆ ಕಸಿಯೇ ದಾರಿ. ಚಿಗುರು ಕಂಡ ಕೂಡಲೇ ಬೇರು ಬಂದಿತೆಂದು ಕಿತ್ತು ನೋಡಬೇಡಿ. ಕಡ್ಡಿಯಲ್ಲಿ ಉಳಿದ ಸತ್ವದಿಂದಲೂ ಚಿಗುರು ಬರುತ್ತದೆ.

ಎಳೆಗಿಡ 20–25 ಸೆಂಟಿಮೀಟರ್ ಆದಾಗ ತುದಿಯನ್ನು ಉಗುರಿನಿಂದ ಚಿವುಟಿ. ಅಲ್ಲಿ ಮೊದಲ ಮೊಗ್ಗು ಕೂತಿದ್ದರೂ ಚಿವುಟಿ. ಕವಲುಗಳು ಬುಡದಿಂದಲೇ ಹೊರಡಬೇಕಾದ ಸಮಯ ಅದು.