ಸಹಾರಾಕ್ಕೆ ಹೊರಡುವ ಮುನ್ನ ಯಾವ ಮರುಭೂಮಿ ಎಂದು ಕೇಳಿ

ಮೊರಾಕ್ಕೋದಲ್ಲಿ ‘ಮರುಭೂಮಿ ಪ್ರವಾಸ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಜಾಗಗಳು ಮಾರಾಟವಾಗುತ್ತವೆ. ಮರ್ರಾಕೇಶ್ ನಗರಕ್ಕೆ ಹತ್ತಿರದ ಅಗಾಫೈ ಬರೀ ಕಲ್ಲುಬಯಲು, ಅಲ್ಲಿ ಮರಳಿನ ದಿಬ್ಬಗಳೇ ಇಲ್ಲ. ಎರಡು ದಿನದ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಜಗೋರಾಕ್ಕೆ ಒಯ್ಯುತ್ತವೆ, ಅಲ್ಲಿನ ದಿಬ್ಬಗಳು ಚಿಕ್ಕವು. ಫೋಟೊಗಳಲ್ಲಿ ಕಾಣುವ, 150 ಮೀಟರ್ ಆಸುಪಾಸು ಏರುವ ಕಿತ್ತಳೆ ಬಣ್ಣದ ಎರ್ಗ್ ಚೆಬ್ಬಿ ದಿಬ್ಬಗಳಿರುವುದು ಅಲ್ಜೀರಿಯಾ ಗಡಿಗೆ ಹತ್ತಿರದ ಮೆರ್ಝೂಗಾ ಊರಿನಲ್ಲಿ. ಮುಂಗಡ ಕೊಡುವ ಮೊದಲು ಪ್ರತಿ ರಾತ್ರಿ ತಂಗುವ ಊರಿನ ಹೆಸರನ್ನು ಬರೆಸಿಕೊಳ್ಳಿ.

ಮುಂದಿನದು ದಿನಗಳ ಲೆಕ್ಕ. ಮರ್ರಾಕೇಶ್‌ನಿಂದ ಮೆರ್ಝೂಗಾಕ್ಕೆ 550 ಕಿಲೋಮೀಟರ್‌ಗೂ ಹೆಚ್ಚು ದೂರ. ಮೂರು ದಿನದ ಅಗ್ಗದ ಪ್ಯಾಕೇಜ್‌ನಲ್ಲಿ ಕೊನೆಯ ದಿನವೆಲ್ಲ ಬಂದ ದಾರಿಯಲ್ಲೇ ವ್ಯಾನಿನಲ್ಲಿ ಕುಳಿತು ಮರಳಬೇಕು. ಅಷ್ಟು ದೂರ ಹೋಗಿ ಕಿಟಕಿಯ ಗಾಜು ನೋಡಿಕೊಂಡು ಬರುವುದಕ್ಕಿಂತ ನಾಲ್ಕು ದಿನ ಇಟ್ಟುಕೊಂಡು, ಉತ್ತರದ ಫೆಸ್ ನಗರದಲ್ಲಿ ಮುಗಿಯುವ ಪ್ರವಾಸ ಹಿಡಿಯುವುದೇ ಜಾಣತನ.

ಕಾಲ: ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್, ನವೆಂಬರ್. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಡೇರೆಯೊಳಗೂ ಸ್ವೆಟರ್ ಬೇಕು.

ಮೊದಲ ದಿನ ಹೈ ಅಟ್ಲಾಸ್ ಪರ್ವತ ದಾಟುವುದು. ಟಿಜಿ ನ್ ಟಿಚ್ಕಾ ಘಾಟಿಯ ಎತ್ತರ 2,260 ಮೀಟರ್. ತಿರುವುಗಳಲ್ಲಿ ವಾಂತಿ ಬರುವವರು ಮುಂದಿನ ಸೀಟು ಕೇಳಿ ಪಡೆಯಿರಿ. ಚಳಿಗಾಲದಲ್ಲಿ ಹಿಮ ಬಿದ್ದು ಈ ರಸ್ತೆ ಕೆಲವೊಮ್ಮೆ ಮುಚ್ಚುತ್ತದೆ, ವಿಮಾನದ ಟಿಕೆಟ್‌ಗೆ ಮುನ್ನ ಒಂದು ದಿನ ಬಿಡುವಿರಲಿ. ಘಾಟಿ ಇಳಿದ ಮೇಲೆ ಐತ್ ಬೆನ್ಹದ್ದೂ ಸಿಗುತ್ತದೆ. ಮಣ್ಣಿನ ಗೋಡೆಗಳ ಈ ಕೋಟೆಯೂರು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ರಾತ್ರಿ ದಾದೆಸ್ ಕಣಿವೆಯಲ್ಲಿ.

ಎರಡನೆಯ ದಿನದ ತೋದ್ರಾ ಕಮರಿಗೆ ಗೈಡ್‌ಗಳು ಅರ್ಧ ಗಂಟೆ ಕೊಡುತ್ತಾರೆ. ಎರಡು ಗಂಟೆ ಕೇಳಿ. ಸುಮಾರು 300 ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆಗಳು ಇಕ್ಕಟ್ಟಾದ ಕಡೆ ಹತ್ತೇ ಮೀಟರ್ ಅಂತರದಲ್ಲಿ ನಿಂತಿವೆ. ನಡುವೆ ತಣ್ಣನೆಯ ತೊರೆ, ಮೇಲೆ ಹಗ್ಗಕ್ಕೆ ನೇತುಬಿದ್ದ ಆರೋಹಿಗಳು. ಬಿಸಿಲು ನೆಲ ಮುಟ್ಟುವುದೇ ಅಲ್ಪ ಹೊತ್ತು. ಇಡೀ ದಾರಿಯಲ್ಲಿ ನಡೆದೇ ನೋಡಬೇಕಾದ ಜಾಗ ಇದು.

ಸಂಜೆ ಮೆರ್ಝೂಗಾ. ದೊಡ್ಡ ಪೆಟ್ಟಿಗೆ ವ್ಯಾನಿನಲ್ಲೇ ಇರಲಿ, ರಾತ್ರಿ ತಂಗುವ, ದಿಬ್ಬಗಳ ನಡುವಿನ ಡೇರೆ ಶಿಬಿರಕ್ಕೆ ಚಿಕ್ಕ ಚೀಲ ಸಾಕು. ಅಲ್ಲಿಗೆ ಸಾಮಾನ್ಯವಾಗಿ ಒಂಟೆಯ ಮೇಲೆ ಒಯ್ಯುತ್ತಾರೆ, ಸೊಂಟನೋವಿನವರಿಗೆ ಒಂದು ಗಂಟೆಯೂ ದೀರ್ಘವೇ. ಜೀಪ್ ಕೇಳಿದರೆ ಸಿಗುತ್ತದೆ. ಮೂರನೆಯ ದಿನ ಅಲ್ಲೇ ಉಳಿದು ಖಮ್ಲಿಯಾ ಹಳ್ಳಿಯಲ್ಲಿ ಸಹಾರಾದ ದಕ್ಷಿಣದಿಂದ ಬಂದವರ ವಂಶಸ್ಥರ ಗ್ನಾವಾ ಸಂಗೀತ ಕೇಳಬಹುದು.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತರಕಾರಿ ಕುಸ್ಕುಸ್ (ಗೋಧಿ ರವೆಯ ಅಡುಗೆ), ಹರೀರಾ ಸೂಪ್‌ಗಳನ್ನೂ ಹಲವೆಡೆ ಮಾಂಸದ ರಸದಲ್ಲಿ ಬೇಯಿಸುತ್ತಾರೆ. ಬುಕಿಂಗ್ ಮಾಡುವಾಗಲೇ ಇದನ್ನು ಬಿಡಿಸಿ ಹೇಳಿ. ಚಟ್ನಿಪುಡಿ ಜೊತೆಗಿದ್ದರೆ ಅಲ್ಲಿನ ದುಂಡು ರೊಟ್ಟಿಗೂ ಒಗ್ಗುತ್ತದೆ.

ನಾಲ್ಕನೆಯ ದಿನ ಜಿಜ್ ಕಣಿವೆಯ ಖರ್ಜೂರದ ತೋಟಗಳನ್ನು ಹಾದು ಫೆಸ್‌ಗೆ. ಎರ್ಫೂದ್‌ನಲ್ಲಿ ಪಳೆಯುಳಿಕೆ ಕೊಳ್ಳುವವರು ಎಚ್ಚರ: ಅಸಲಿಯ ಪಕ್ಕದಲ್ಲೇ ಅಂಟು ಸೇರಿಸಿ ಮಾಡಿದ ನಕಲಿಯೂ ಇರುತ್ತದೆ. ಅಜ್ರೂ ಬಳಿಯ ದೇವದಾರು ಕಾಡಿನಲ್ಲಿ ಬಾರ್ಬರಿ ಕೋತಿಗಳು ವ್ಯಾನಿನ ಹತ್ತಿರಕ್ಕೇ ಬರುತ್ತವೆ. ತಿಂಡಿ ಕೊಡಬೇಡಿ, ಕಿಟಕಿ ಮುಚ್ಚಿ.