ಡಿಸ್ಲೆಕ್ಸಿಯಾ ತರಬೇತಿ: ಸ್ಲೈಡ್ ಬಿಟ್ಟು ನೋಟ್‌ಬುಕ್ ಹಿಡಿದ ಮೇಲೆ

ನಾನು ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಇಲಾಖೆಯಲ್ಲಿ ಬಿಐಇಆರ್‌ಟಿ ಅಂತಾರೆ. ತುಮಕೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಮೇಷ್ಟ್ರು, ಮೇಡಂಗಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿ ಮಕ್ಕಳಿಗೆ ಬರುವ ತೊಡಕಿನ ಬಗ್ಗೆ ತಿಳಿಸಿಕೊಡುವುದು ನನ್ನ ಕೆಲಸದ ಒಂದು ಭಾಗ.

ಮೊದಲ ಸಲ ಇಡೀ ದಿನದ ತರಬೇತಿ ಮಾಡಿದೆ. ವ್ಯಾಖ್ಯಾನ, ಲಕ್ಷಣ, ಕಾರಣ ಎಲ್ಲ ಸ್ಲೈಡ್‌ನಲ್ಲಿತ್ತು. ಮಕ್ಕಳು ಇಂಗ್ಲಿಷಿನ ‘ಬಿ’ಯನ್ನು ‘ಡಿ’ ಎಂದು ತಿರುಗಿಸಿ ಬರೆಯುತ್ತಾರೆ ಅಂತ ಚಿತ್ರ ಸಮೇತ ತೋರಿಸಿದೆ. ಕೊನೆಯಲ್ಲಿ ಹಿರಿಯ ಮೇಷ್ಟ್ರೊಬ್ಬರು ಎದ್ದು ನಿಂತರು. “ಮೇಡಂ, ನಮ್ಮ ಮಕ್ಕಳು ಬರೆಯೋದು ಕನ್ನಡ. ಕನ್ನಡದಲ್ಲಿ ಏನು ತಪ್ಪು ಮಾಡ್ತಾರೆ ಅಂತ ಹೇಳಿ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ಮುಂದಿನದನ್ನೆಲ್ಲ ಕಟ್ಟಿದೆ.

ದಿನವಿಡೀ ಕೂರಿಸುವುದನ್ನು ಬಿಟ್ಟೆ. ಕ್ಲಸ್ಟರ್‌ನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ತಿಂಗಳ ಸಮಾಲೋಚನಾ ಸಭೆಯಲ್ಲಿ ಮುಕ್ಕಾಲು ಗಂಟೆ ಕೇಳಿ ಪಡೆದೆ. ಮೊದಲ ಸಭೆಗೆ ಒಂದೇ ಷರತ್ತು: ಪ್ರತಿಯೊಬ್ಬರೂ ತಮ್ಮ ತರಗತಿಯಲ್ಲಿ ಓದಲು ತುಂಬಾ ಒದ್ದಾಡುವ ಒಂದು ಮಗುವಿನ ಉಕ್ತಲೇಖನದ ನೋಟ್‌ಬುಕ್ ತರಬೇಕು. ಮಗುವಿನ ಹೆಸರು ಕಾಣದಂತೆ ರಟ್ಟಿಗೆ ಕಾಗದ ಸುತ್ತಿರಬೇಕು.

ನೋಟ್‌ಬುಕ್‌ಗಳನ್ನು ಜಮಖಾನದ ಮೇಲೆ ಹರಡಿಕೊಂಡು ಸುತ್ತ ಕೂತೆವು. ತಪ್ಪು ಎಷ್ಟು ಅಂತ ಎಣಿಸುವುದು ಬೇಡ, ಎಂಥ ತಪ್ಪು ಅಂತ ನೋಡೋಣ ಅಂದೆ. ಅರ್ಧ ಗಂಟೆಯಲ್ಲಿ ಬೋರ್ಡ್ ತುಂಬಿತು. ದೀರ್ಘ ಬಿಟ್ಟುಹೋಗಿದೆ. ‘ಅಮ್ಮ’ ಅನ್ನುವಲ್ಲಿ ‘ಅಮ’ ಇದೆ. ಷ, ಫ, ಘ ಒಂದರ ಜಾಗದಲ್ಲಿ ಒಂದು ಬಂದಿವೆ. ಪ ಮತ್ತು ವ, ಮ ಮತ್ತು ಯ ಅದಲುಬದಲಾಗಿವೆ. ಇವೆಲ್ಲ ಇಪ್ಪತ್ತು ವರ್ಷದಿಂದ ಅವರೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಬಂದ ತಪ್ಪುಗಳು. ಗುಂಪು ಮಾಡಿ ನೋಡಿದ್ದು ಮಾತ್ರ ಅವತ್ತೇ.

ಆಮೇಲೆ ‘ಪ್ರೀತಿ’ ಪದ ಬರೆದೆ. ಒಬ್ಬ ಹುಡುಗ ಅದನ್ನು ‘ಪೀರತಿ’ ಅಂತ ಓದಿದ್ದ. ಅವನು ಯಾಕೆ ಹಾಗೆ ಓದಿದ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಂತರ ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ನಲಿಕಲಿ ತರಗತಿಯ ಮೇಡಂ ಒಬ್ಬರು ಹೇಳಿದರು: “ಕಣ್ಣಿಗೆ ಮೊದಲು ಕಾಣೋದು ಪೀ, ರ ಕೆಳಗಿದೆ. ಬಾಯಲ್ಲಿ ರ ಮೊದಲು, ಈ ಆಮೇಲೆ.” ಸರಿಯಾಗಿ ಅದೇ. ಕನ್ನಡದಲ್ಲಿ ನೋಡಿದ ಕ್ರಮವೂ ನುಡಿಯುವ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ಅರ್ಕಾವತ್ತು ಇನ್ನೂ ಕಷ್ಟ. ‘ಸೂರ್ಯ’ದಲ್ಲಿ ಆ ಗುರುತು ಯ ಆದಮೇಲೆ ಬರುತ್ತದೆ, ಸದ್ದು ಮಾತ್ರ ಯ ಬರುವ ಮೊದಲೇ ಬರಬೇಕು. ನಮಗೆ ಅಭ್ಯಾಸವಾಗಿ ಹೋಗಿದೆ, ಗೊತ್ತಾಗುವುದೇ ಇಲ್ಲ. ಸದ್ದನ್ನೂ ಅಕ್ಷರವನ್ನೂ ಜೋಡಿಸುವುದೇ ಕಷ್ಟವಾದ ಮಗುವಿಗೆ ಇದು ಎರಡರಷ್ಟು ಭಾರ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕಾಯಿತು. ಇಂಥ ತಪ್ಪುಗಳನ್ನು ಎರಡನೇ ತರಗತಿಯಲ್ಲಿ ಎಲ್ಲ ಮಕ್ಕಳೂ ಮಾಡುತ್ತಾರೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದ ಮಗು ಕಲಿಯಬೇಕಾದ ರೂಪಗಳು 400ಕ್ಕಿಂತ ಜಾಸ್ತಿ. ನಾಲ್ಕು, ಐದನೇ ತರಗತಿಯವರೆಗೂ ಈ ಕಲಿಕೆ ನಡೆದೇ ಇರುತ್ತದೆ. ಹಾಗಾಗಿ ತಪ್ಪು ಕಂಡ ಕೂಡಲೇ ಡಿಸ್ಲೆಕ್ಸಿಯಾ ಅಂದುಬಿಡಬಾರದು. ಕಣ್ಣು, ಕಿವಿ ಸರಿಯಾಗಿವೆಯಾ? ಮಗು ಶಾಲೆಗೆ ಸರಿಯಾಗಿ ಬಂದಿದೆಯಾ? ಮನೆಮಾತು ಯಾವುದು? ನಮ್ಮ ಪಾವಗಡ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಅದನ್ನೆಲ್ಲ ನೋಡಬೇಕು. ಬಾಯಲ್ಲಿ ಕೇಳಿದರೆ ಚೆನ್ನಾಗಿ ಉತ್ತರ ಹೇಳುವ ಮಗು, ಸಾಕಷ್ಟು ಕಲಿಸಿದ ಮೇಲೂ ಓದುವಾಗ ಮಾತ್ರ ವರ್ಷಗಟ್ಟಲೆ ಅಲ್ಲೇ ನಿಂತಿದ್ದರೆ ಆಗ ಗಮನ ಕೊಡಬೇಕು.

ಕೆಲವು ಮಕ್ಕಳು ಸಿಕ್ಕಿಬೀಳುವುದೇ ಇಲ್ಲ. ಐದನೇ ತರಗತಿಯ ಹುಡುಗಿಯೊಬ್ಬಳು ಪಾಠವನ್ನು ಗಡಗಡ ಓದುತ್ತಿದ್ದಳು. ಓದಿನಲ್ಲಿ ಅವಳೇ ಮುಂದು ಅಂತ ಅವಳ ಮೇಡಂ ನನ್ನ ಮುಂದೆ ನಿಲ್ಲಿಸಿದರು. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನಮ್ಮ ಅಂದೆ. ಅವಳು ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು. ಪೂರ್ತಿ ಪಾಠ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಆ ಮಗು ನಾಲ್ಕು ವರ್ಷ ಎಷ್ಟು ಕಷ್ಟಪಟ್ಟಿರಬೇಕು! ಆಮೇಲಿನಿಂದ ಎಲ್ಲರಿಗೂ ಹೇಳುತ್ತೇನೆ, ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ ನೋಡಿ.

ಎರಡನೇ ಸಭೆಯಲ್ಲಿ ಶಿಕ್ಷಕರನ್ನೇ ಓದಲು ನಿಲ್ಲಿಸಿದೆ. ಆರು ಸಾಲಿನ ಕನ್ನಡ. ಆದರೆ ಕ ಇದ್ದಲ್ಲಿ ಮ ಅನ್ನಬೇಕು, ತ ಇದ್ದಲ್ಲಿ ಸ ಅನ್ನಬೇಕು, ದೀರ್ಘವನ್ನು ಹ್ರಸ್ವ ಮಾಡಬೇಕು. ‘ಕರ’ ಅಂತ ಇದ್ದರೆ ‘ಮರ’ ಅನ್ನಬೇಕು. ನಾನು ಪಕ್ಕದಲ್ಲಿ ನಿಂತು ನಾವು ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ: ಬೇಗ ಓದಿ, ಜೋರಾಗಿ ಓದಿ, ಇಷ್ಟೂ ಬರಲ್ವಾ? ಮೂರನೆಯವರು ಅರ್ಧಕ್ಕೇ ಹಾಳೆ ಕೆಳಗಿಟ್ಟರು. ಅವರ ಕಿವಿ ಕೆಂಪಾಗಿತ್ತು. ಡಿಸ್ಲೆಕ್ಸಿಯಾ ನಿಜವಾಗಿ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ನಮಗೆ ಹತ್ತು ನಿಮಿಷದಲ್ಲಿ ಮುಗಿಯಿತು, ಮಗುವಿಗೆ ಮುಗಿಯುವುದಿಲ್ಲ. ಆದರೆ ಎಲ್ಲರ ಮುಂದೆ ತಡವರಿಸಿದಾಗ ಹೇಗಾಗುತ್ತದೆ ಅನ್ನುವುದು ಅವತ್ತು ಅರ್ಥವಾಯಿತು. ಮೊದಲೇ ಹೇಳದೆ ಈ ಮಕ್ಕಳನ್ನು ಎದ್ದು ನಿಲ್ಲಿಸಿ ಓದಿಸುವುದು ಬೇಡ ಅಂತ ಅವರೇ ತೀರ್ಮಾನ ಮಾಡಿದರು. ಓದಿಸಲೇಬೇಕಾದರೆ ಹಿಂದಿನ ದಿನವೇ ಆ ಎರಡು ಸಾಲು ಕೊಟ್ಟು ಕಳಿಸುವುದು.

ಕಲಿಸುವ ವಿಧಾನ ಹೇಳಲು ಸ್ಲೈಡ್ ಬೇಕಾಗಲಿಲ್ಲ. ಹುಣಸೆ ಬೀಜ, ತಟ್ಟೆಯಲ್ಲಿ ರಾಗಿ, ಎರಡು ಬಣ್ಣದ ಸೀಮೆಸುಣ್ಣ ಸಾಕು. ಪದ ಕೇಳಿಸಿಕೊಂಡು ಒಂದೊಂದು ಅಕ್ಷರಕ್ಕೆ ಒಂದೊಂದು ಬೀಜ ಇಡುವುದು ಮೊದಲು. ಇದರಲ್ಲಿ ಬರವಣಿಗೆ ಇಲ್ಲ, ಕಿವಿಯ ಕೆಲಸ ಮಾತ್ರ. ನಂತರ ಬಾಯಲ್ಲಿ ಸದ್ದು ಹೇಳುತ್ತಾ ರಾಗಿಯಲ್ಲಿ ಬೆರಳಿನಿಂದ ಬರೆಯುವುದು. ಒತ್ತಕ್ಷರ ಬಂದರೆ ಅದಕ್ಕೆ ಬೇರೆ ಬಣ್ಣ. ‘ಪ್ರೀ’ ಅನ್ನುವುದನ್ನು ಪ್, ರ್, ಈ ಅಂತ ನಿಧಾನಕ್ಕೆ ಎಳೆದು, ಪ್ರತಿ ಸದ್ದಿಗೂ ಅದು ಕೂತ ಜಾಗವನ್ನು ಮುಟ್ಟಿ ತೋರಿಸುವುದು. ಶಿಕ್ಷಕರು ಇಬ್ಬಿಬ್ಬರಾಗಿ ಕೂತು ಇದನ್ನು ಮಾಡಿದರು. ಆಮೇಲೆ ನಾನು ಅವರ ಶಾಲೆಗೇ ಹೋಗಿ ಮಕ್ಕಳ ಜೊತೆ ಮಾಡಿ ತೋರಿಸಿದೆ. ಸಭೆಯಲ್ಲಿ ಹೇಳಿದ್ದಕ್ಕಿಂತ ಅದೇ ಜಾಸ್ತಿ ಕೆಲಸ ಮಾಡಿತು.

“ಎರಡು ತರಗತಿ ಒಟ್ಟಿಗೆ ನೋಡಿಕೊಳ್ಳೋ ನಮಗೆ ಸಮಯ ಎಲ್ಲಿದೆ?” ಅನ್ನುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ನ್ಯಾಯವಾದ ಪ್ರಶ್ನೆ. ನಲಿಕಲಿಯಲ್ಲಿ ಮೂರನೇ ತರಗತಿಯವರೆಗೆ ಮಗು ತನ್ನ ಮೆಟ್ಟಿಲಿನಲ್ಲಿ ತಾನು ಇರಬಹುದು. ನಾಲ್ಕಕ್ಕೆ ಬಂದ ಮೇಲೆ ಎಲ್ಲರಿಗೂ ಒಂದೇ ಪುಟ, ಒಂದೇ ವೇಗ. ಅಲ್ಲಿ ನಾನು ಕೇಳುವುದು ದಿನಕ್ಕೆ ಹತ್ತು ನಿಮಿಷ. ಉಳಿದದ್ದಕ್ಕೆ ಹೆಚ್ಚು ಸಮಯ ಬೇಡ: ಬೋರ್ಡಿನಿಂದ ನಕಲು ಮಾಡಿಸುವ ಬದಲು ಬರೆದ ಚೀಟಿ ಕೊಡುವುದು, ಪರಿಸರ ಅಧ್ಯಯನದ ಉತ್ತರವನ್ನು ಬಾಯಲ್ಲಿ ಕೇಳುವುದು, ಅಲ್ಲಿ ಕಾಗುಣಿತ ತಪ್ಪಿಗೆ ಅಂಕ ಕಳೆಯದಿರುವುದು.

ಕಾಯ್ದೆಯ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಇದೆ, ಇಲ್ಲ ಅಂತ ಹೇಳುವುದು ಶಿಕ್ಷಕರ ಕೆಲಸವಲ್ಲ, ಅದಕ್ಕೆ ಪರಿಣತರು ಪರೀಕ್ಷೆ ಮಾಡಬೇಕು. ಕನ್ನಡದಲ್ಲೇ ಪರೀಕ್ಷಿಸಲು ‘ಡಾಲಿ’ ಎಂಬ ಸಾಧನ ಇದೆ. ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯೂ ಇದೆ. ಆದರೆ ಶಿಕ್ಷಕರು ಬರೆದುಕೊಡುವ ಅರ್ಧ ಪುಟ, ಜೊತೆಗೆ ಎರಡು ನೋಟ್‌ಬುಕ್ ಇದ್ದರೆ ಪರೀಕ್ಷೆ ಮಾಡುವವರಿಗೆ ತುಂಬಾ ಸಹಾಯ. ಪ್ರಮಾಣಪತ್ರ ಸಿಕ್ಕರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಲಿಪಿಕಾರರ ನೆರವು ಕೇಳಬಹುದು. ಪತ್ರ ಬರಲಿ ಅಂತ ಕಾಯುವುದು ಮಾತ್ರ ಬೇಡ. ಹುಣಸೆ ಬೀಜಕ್ಕೆ ಯಾರ ಸಹಿಯೂ ಬೇಡ ಅಲ್ವಾ?

ಹೋದ ತಿಂಗಳ ಸಭೆಗೆ ಮೊದಲ ದಿನ ಪ್ರಶ್ನೆ ಕೇಳಿದ ಆ ಹಿರಿಯ ಮೇಷ್ಟ್ರು ‘ಪೀರತಿ’ ಹುಡುಗನ ಎರಡು ನೋಟ್‌ಬುಕ್ ತಂದಿದ್ದರು, ಜೂನ್ ತಿಂಗಳದ್ದೂ ಈಗಿನದೂ. ತಪ್ಪುಗಳನ್ನು ಅವರೇ ಗುಂಪು ಮಾಡಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ದೀರ್ಘ ಹೆಚ್ಚುಕಮ್ಮಿ ಸರಿಹೋಗಿದೆ. ಸುಲಭದ ಒತ್ತಕ್ಷರಗಳು ಬರುತ್ತಿವೆ. ಅರ್ಕಾವತ್ತು ಇನ್ನೂ ಬಂದಿಲ್ಲ. ಮುಂದಿನ ಸಭೆ ಪೂರ್ತಿ ಅರ್ಕಾವತ್ತಿಗೇ ಇಡಿ ಮೇಡಂ ಅಂದಿದ್ದಾರೆ. ಸೂರ್ಯ, ಕಾರ್ಯ, ವರ್ಷ, ಪರ್ವತ ಅಂತ ಪದಗಳ ಪಟ್ಟಿ ಮಾಡುತ್ತಾ ಕೂತಿದ್ದೇನೆ.