ವಕೀಲರ ಆಫೀಸಿನ ಕಾಗದ: ಬರೆಯೋದು ಒಬ್ಬರಿಗೆ, ಓದೋದು ಇನ್ನೊಬ್ಬರು

ತುಮಕೂರಿನಲ್ಲಿ ಒಬ್ಬ ಸಿವಿಲ್ ವಕೀಲರ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ಬೆಂಗಳೂರಿನ ದೊಡ್ಡ ಫರ್ಮ್‌ಗಳಲ್ಲಿ ಈ ಕೆಲಸ ಮಾಡುವವರನ್ನು ಪ್ಯಾರಾಲೀಗಲ್ ಅನ್ನುತ್ತಾರೆ. ಇಲ್ಲಿ ನಾನು ಕ್ಲರ್ಕ್ ಮೇಡಂ. ಫೈಲಿಂಗ್, ಪಿ.ಎಫ್. (ಸಮನ್ಸ್, ನೋಟಿಸ್ ಜಾರಿಗೆ ಕೋರ್ಟಿಗೆ ಕಟ್ಟುವ ಪ್ರೋಸೆಸ್ ಫೀ) ಕಟ್ಟೋದು, ಸರ್ಟಿಫೈಡ್ ಕಾಪಿ ತರೋದು, ಡೈರಿ ಬರೆಯೋದು ಎಲ್ಲ ನನ್ನ ಪಾಲಿಗೇ. ಆದರೆ ಜಾಸ್ತಿ ತಲೆ ಓಡಿಸಬೇಕಾಗುವುದು ಕಕ್ಷಿದಾರರಿಗೆ ಕಾಗದ ಬರೆಯುವಾಗ.

ನಮ್ಮಲ್ಲಿ ಬಹುತೇಕ ಜಮೀನಿನ ಕೇಸುಗಳು. ಪಾಲು ವಿಭಾಗ, ಇಂಜಂಕ್ಷನ್ ಅಂದರೆ ತಡೆಯಾಜ್ಞೆ, ಹೊಲಕ್ಕೆ ಹೋಗುವ ದಾರಿಯ ತಕರಾರು. ಕಕ್ಷಿದಾರರು ಗುಬ್ಬಿ, ಕುಣಿಗಲ್, ಶಿರಾ ಕಡೆಯ ಹಳ್ಳಿಯವರು. ಕಾಗದ ಅಜ್ಜಿಯ ಹೆಸರಿಗೆ ಹೋಗುತ್ತದೆ, ಓದುವುದು ಪಿಯುಸಿ ಮೊಮ್ಮಗಳು. ಅವಳೂ ಇಲ್ಲದಿದ್ದರೆ ಪಕ್ಕದ ಮನೆಯ ಮೇಷ್ಟ್ರು. ಅಂದರೆ ನಾನು ಬರೆದದ್ದನ್ನು ಕಕ್ಷಿದಾರರು ಓದುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಟೈಪ್ ಮಾಡಿದ ಮೇಲೆ ಒಮ್ಮೆ ಜೋರಾಗಿ ಓದುತ್ತೇನೆ. ನನಗೇ ಉಸಿರು ಸಾಲದಿದ್ದರೆ ವಾಕ್ಯ ಒಡೆಯುತ್ತೇನೆ.

ಆಫೀಸಿನ ಹಳೆ ಫೈಲುಗಳಲ್ಲಿ ಕಾಗದಗಳು ಹೀಗೆ ಶುರುವಾಗುತ್ತಿದ್ದವು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ದಾವೆಯು ವಾದಿ ಸಾಕ್ಷ್ಯಕ್ಕಾಗಿ ನಿಗದಿಯಾಗಿದ್ದು..." ಮೇಷ್ಟ್ರು ಇದನ್ನು ಓದಿ ಮುಗಿಸುವಷ್ಟರಲ್ಲಿ ಅಜ್ಜಿ "ಅಂದ್ರೆ ನಾನು ಹೋಗ್ಬೇಕಾ, ಬೇಡ್ವಾ?" ಅಂತ ಕೇಳಿರುತ್ತಾರೆ. ಆ ಪ್ರಶ್ನೆಗೆ ಉತ್ತರ ಮೊದಲ ಸಾಲಲ್ಲೇ ಇರಬೇಕು. ನಾನೀಗ ಹೀಗೆ ಬರೆಯುತ್ತೇನೆ: "ಅಮ್ಮಾ, ಬರುವ ತಿಂಗಳು 14ನೇ ತಾರೀಕು, ಮಂಗಳವಾರ, ನೀವು ಕೋರ್ಟಿಗೆ ಬರಲೇಬೇಕು. ಅವತ್ತು ನಿಮ್ಮ ಸಾಕ್ಷಿ ಇದೆ. ಬೆಳಿಗ್ಗೆ 10 ಗಂಟೆಗೆ ಮೊದಲು ನಮ್ಮ ಆಫೀಸಿಗೆ ಬನ್ನಿ. ಆಧಾರ್ ಕಾರ್ಡ್ ತನ್ನಿ." ಕೇಸ್ ನಂಬರ್, ಕೋರ್ಟ್ ಹೆಸರು, ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಎಲ್ಲ ಕೆಳಗೆ. ಸಿಎನ್‌ಆರ್ ಹಾಕಿದರೆ ಬೆಂಗಳೂರಿನಲ್ಲಿರುವ ಮಗ ಇ-ಕೋರ್ಟ್ಸ್ ಆಪ್‌ನಲ್ಲಿ ಕೇಸ್ ನೋಡಿಕೊಳ್ಳುತ್ತಾನೆ, ನಮಗೂ ಫೋನ್ ಕಮ್ಮಿ.

ಕಕ್ಷಿದಾರರು ಬರುವುದು ಬೇಡದ ವಾಯಿದೆ (ಕೋರ್ಟಿನ ತಾರೀಕು) ಇದ್ದರೆ ಅದನ್ನೂ ಬಿಡಿಸಿ ಹೇಳಬೇಕು. "ನೀವು ಬರುವ ಅಗತ್ಯವಿಲ್ಲ, ನಾವೇ ನೋಡಿಕೊಳ್ಳುತ್ತೇವೆ" ಅನ್ನುವ ಒಂದು ಸಾಲು ಇಲ್ಲದಿದ್ದರೆ, ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರುತ್ತಾರೆ ಪಾಪ.

ಪಾಲಿನ ಕೇಸುಗಳಲ್ಲಿ ಇನ್ನೊಂದು ಫಜೀತಿ. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಹಟ್ಟಿಯವರು, ಎಷ್ಟೋ ಸಲ ಒಂದೇ ಮನೆಯವರು. ಮಧ್ಯದಲ್ಲಿ ಗೋಡೆ ಎಬ್ಬಿಸಿರುತ್ತಾರೆ, ಮನೆ ನಂಬರ್ ಮಾತ್ರ ಒಂದೇ. ತಂಗಿಗೆ ಬರೆದ ಕಾಗದವನ್ನು ಅಣ್ಣನೇ ತೆಗೆದುಕೊಂಡು ಒಡೆಯಬಹುದು. ವಕೀಲರಿಗೆ ಕಕ್ಷಿದಾರರು ಹೇಳಿದ್ದನ್ನು ಹೊರಗೆ ಬಿಡಬಾರದು ಅಂತ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುತ್ತದೆ. ವಕೀಲರ ಗುಮಾಸ್ತರಿಗೂ ಅದು ಅನ್ವಯಿಸುತ್ತದೆ. ಸರಿ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಆದರೆ ಕವರ್ ತಪ್ಪು ಕೈಗೆ ಹೋದರೆ ಕಲಂ ಏನು ಮಾಡುತ್ತೆ?

ಅದಕ್ಕೆ ರಾಜಿಗೆ ಎಷ್ಟು ಕುಂಟೆಗೆ ಒಪ್ಪಬಹುದು, ನಮ್ಮ ಸಾಕ್ಷಿ ಯಾರು, ನಮ್ಮ ದಾಖಲೆಯಲ್ಲಿ ಎಲ್ಲಿ ತೂತಿದೆ, ಇಂಥವನ್ನು ಕಾಗದದಲ್ಲಿ ಬರೆಯುವುದೇ ಇಲ್ಲ. "ಒಂದು ಮುಖ್ಯ ವಿಷಯ ಮಾತಾಡಬೇಕು, ಶನಿವಾರ ಬನ್ನಿ" ಅಷ್ಟೇ. ಮೊದಲ ದಿನ ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಕೇಳಿಬಿಡುತ್ತೇನೆ: "ಕಾಗದ ಯಾರ ಮನೆಗೆ ಕಳಿಸಲಿ? ವಾಟ್ಸಾಪ್ ಯಾರ ಫೋನಿಗೆ?" ಹೆಣ್ಣುಮಕ್ಕಳು ಹೆಚ್ಚಾಗಿ ಗಂಡನ ಮನೆಯ ವಿಳಾಸ ಬಿಟ್ಟು ಗೆಳತಿಯ ನಂಬರ್ ಕೊಡುತ್ತಾರೆ. ಯಾಕೆ ಅಂತ ನಾನು ಕೇಳುವುದಿಲ್ಲ, ಫೈಲಿನ ಮೇಲೆ ಬರೆದಿಡುತ್ತೇನೆ.

ದಾಖಲೆ ಕೇಳುವ ಕಾಗದಕ್ಕೆ ಬೇರೆ ರೀತಿ. "ಸಂಬಂಧಪಟ್ಟ ದಾಖಲೆಗಳನ್ನು ಒದಗಿಸುವುದು" ಅಂತ ಬರೆದರೆ ಟ್ರಂಕ್ ಸಮೇತ ಬರುತ್ತಾರೆ, ಇಲ್ಲವೇ ಏನೂ ತರುವುದಿಲ್ಲ. ಯಾವ ಕಾಗದ, ಅದು ಎಲ್ಲಿ ಸಿಗುತ್ತದೆ, ಒರಿಜಿನಲ್ಲೋ ಜೆರಾಕ್ಸೋ, ಮೂರನ್ನೂ ಒಂದೊಂದರ ಮುಂದೆ ಬರೆಯುತ್ತೇನೆ. ಪಹಣಿಯಾದರೆ ಸರ್ವೆ ನಂಬರ್ ಹಾಕಿ, ಯಾವ ವರ್ಷದಿಂದ ಬೇಕು ಅಂತಲೂ. ವಂಶವೃಕ್ಷಕ್ಕೆ ನಾಡಕಚೇರಿ, ಇಸಿಗೆ (ಜಮೀನಿನ ಋಣಭಾರ ಪತ್ರ) ಸಬ್ ರಿಜಿಸ್ಟ್ರಾರ್ ಆಫೀಸು. ಒರಿಜಿನಲ್ ಕ್ರಯಪತ್ರ ಕೊಟ್ಟರೆ ನಾವು ಸಹಿ ಮಾಡಿದ ರಸೀದಿ ಕೊಡುತ್ತೇವೆ ಅಂತ ಸೇರಿಸುತ್ತೇನೆ. ಹಾಗೆ ಬರೆಯದಿದ್ದರೆ ಒರಿಜಿನಲ್ ಮನೆಯಿಂದ ಹೊರಗೆ ಬರುವುದೇ ಇಲ್ಲ. ಅವರದ್ದೂ ನ್ಯಾಯವೇ.

ಗಡುವಿನ ವಿಷಯ ಬಂದರೆ ನಾನು ಸ್ವಲ್ಪ ಜೋರು. ಸಮನ್ಸ್ ಜಾರಿಯಾದ 30 ದಿನದೊಳಗೆ ಪ್ರತಿವಾದಿ ತನ್ನ ಲಿಖಿತ ಹೇಳಿಕೆ ಹಾಕಬೇಕು, ಕೋರ್ಟ್ ಒಪ್ಪಿದರೆ 90 ದಿನದವರೆಗೆ ಅಂತ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಹೇಳುತ್ತದೆ. ಕಾಗದದಲ್ಲಿ ಆ 90ರ ಸುದ್ದಿಯೇ ಎತ್ತುವುದಿಲ್ಲ. ಎತ್ತಿದರೆ 89ನೇ ದಿನ ಬಂದು ನಿಲ್ಲುತ್ತಾರೆ. "30 ದಿನ" ಅಂತಲೂ ಬರೆಯದೆ, ಸರ್ ಹೇಳಿದ ತಾರೀಕನ್ನು ವಾರದ ಹೆಸರಿನ ಜೊತೆ ಬರೆಯುತ್ತೇನೆ. ಚೆಕ್ ಬೌನ್ಸ್ ಕೇಸಲ್ಲಂತೂ ಇದು ಇನ್ನೂ ಬಿಗಿ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ದೂರು ಹಾಕಲು ಒಂದು ತಿಂಗಳು. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳಿಗೆ ನಾನು ಮೊದಲು ಬರೆಯುವುದೇ "ಬ್ಯಾಂಕಿನ ಮೆಮೊ ನಿಮ್ಮ ಕೈಗೆ ಬಂದ ತಾರೀಕು ಯಾವುದು?" ಅಂತ.

ಕೇಸ್ ಸೋತ ಸುದ್ದಿಯನ್ನು ಕಾಗದದಲ್ಲಿ ಮೊದಲು ತಿಳಿಸಬಾರದು. ಸರ್ ಫೋನ್ ಮಾಡಿ ಹೇಳುತ್ತಾರೆ. ಮಾರನೇ ದಿನ ಕಾಗದ ಹೋಗುತ್ತದೆ, ಯಾಕೆಂದರೆ ಫೋನಿನಲ್ಲಿ "ಸೋತಿದ್ದೇವೆ" ಅನ್ನುವುದರ ಮುಂದೆ ಏನೂ ಅವರ ಕಿವಿಗೆ ಬಿದ್ದಿರುವುದಿಲ್ಲ. ಅದರಲ್ಲಿ ತೀರ್ಪಿನ ದಿನ, ಕೋರ್ಟ್ ಏನು ಹೇಳಿತು ಅನ್ನುವ ಎರಡು ಸಾಲು, ಅಪೀಲು ಹಾಕುವುದಾದರೆ ಯಾವತ್ತಿನೊಳಗೆ ನಿರ್ಧಾರ ತಿಳಿಸಬೇಕು ಅನ್ನುವುದು. ಜಿಲ್ಲಾ ಕೋರ್ಟಿಗೆ ಅಪೀಲು 30 ದಿನ, ಹೈಕೋರ್ಟಿಗಾದರೆ 90. ಸರ್ಟಿಫೈಡ್ ಕಾಪಿ ಸಿಗಲು ಹಿಡಿದ ಸಮಯ ಈ ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಆ ಲೆಕ್ಕ ಆಫೀಸಿನೊಳಗೇ ಇರಲಿ.

"ಅಕ್ಕಾ, ಅಪೀಲಲ್ಲಿ ಗೆಲ್ತೀವಾ?" ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ನನ್ನದಲ್ಲ, ಕಾನೂನು ಸಲಹೆ ಕೊಡುವುದು ವಕೀಲರು ಮಾತ್ರ. ಅಭಿಪ್ರಾಯ ಇರುವ ಕಾಗದಕ್ಕೆ ಸರ್ ಸಹಿಯೇ ಬೇಕು. ವಾಯಿದೆ ತಿಳಿಸುವುದಕ್ಕೆ ನನ್ನ ಹೆಸರು ಸಾಕು.

ಫೀಸಿನ ಕಾಗದದಲ್ಲಿ ಕೋರ್ಟ್ ಫೀ, ಪಿ.ಎಫ್., ಕಾಪಿ ಖರ್ಚು, ವಕೀಲರ ಫೀಸು ಬೇರೆ ಬೇರೆ ಸಾಲಲ್ಲಿ ಇರಲಿ. ಒಟ್ಟು ಮೊತ್ತ ಒಂದನ್ನೇ ಬರೆದರೆ ಕೋರ್ಟಿಗೆ ಕಟ್ಟಿದ್ದೂ ವಕೀಲರ ಜೇಬಿಗೇ ಹೋಯಿತು ಅಂದುಕೊಳ್ಳುತ್ತಾರೆ.

ಅಮೆರಿಕ, ದುಬೈನಲ್ಲಿರುವ ಮಕ್ಕಳಿಗೆ ಇಮೇಲ್. ಅವರು ಅಲ್ಲಿಂದ ಜಿಪಿಎ (ತಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಕಳಿಸುವುದಾದರೆ, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಹಾಗಾಗಿ, ಬಂದ ತಾರೀಕು ತೋರಿಸಲು ಬೇಕಾಗುತ್ತದೆ, ಅದು ಬಂದ ಕವರನ್ನು ಎಸೆಯಬೇಡಿ ಅಂತ ಊರಲ್ಲಿರುವ ಅಪ್ಪನಿಗೆ ಬೇರೆಯಾಗಿ ಬರೆಯುತ್ತೇನೆ.

ಕಳಿಸುವ ದಾರಿ ಹೇಳುವುದಾದರೆ, ಮಾಮೂಲಿ ವಾಯಿದೆಗೆ ವಾಟ್ಸಾಪ್ ಸಾಕು. ಓದಲು ಬಾರದವರಿಗೆ ಅದೇ ಕಾಗದವನ್ನು ಓದಿ ವಾಯ್ಸ್ ಮೆಸೇಜ್ ಹಾಕುತ್ತೇನೆ. ಗಡುವು, ಸೋಲು, ಬಾಕಿ ಹಣ, ವಕಾಲತ್ತಿನಿಂದ ಹಿಂದೆ ಸರಿಯುವುದು, ಇವು ನಾಲ್ಕಕ್ಕೂ ಸ್ಪೀಡ್ ಪೋಸ್ಟ್. ರಸೀದಿಯನ್ನು ಕಾಗದದ ನಕಲಿಗೆ ಪಿನ್ ಮಾಡಿ, ತಲುಪಿದ ಟ್ರ್ಯಾಕಿಂಗ್ ಪುಟದ ಪ್ರಿಂಟ್ ಹಿಂದೆ ಸೇರಿಸುತ್ತೇನೆ. "ಮನೆ ಬೀಗ" ಅಂತ ವಾಪಸ್ ಬಂದ ಕವರನ್ನು ಒಡೆಯುವುದಿಲ್ಲ. ಹಾಗೇ ಫೈಲಿಗೆ ಹಾಕಿ, ಆ ಊರಿನ ಇನ್ಯಾವ ಕಕ್ಷಿದಾರರು ಈ ವಾರ ಬರುತ್ತಾರೆ ಅಂತ ಡೈರಿ ನೋಡುತ್ತೇನೆ. ಅವರ ಕೈಲಿ "ಆಫೀಸಿಗೆ ಫೋನ್ ಮಾಡಬೇಕಂತೆ" ಅಂತ ಹೇಳಿ ಕಳಿಸುತ್ತೇನೆ. ಯಾಕೆ ಅನ್ನುವುದನ್ನು ಅವರಿಗೆ ಹೇಳುವುದಿಲ್ಲ.